ಬಾರದ ಸೀನು

“ಸರ, ನೀವು ಯಾವಾಗರೆ ಮೆಣಸಿನಕಾಯಿ ಗೋದಾಮಿನ ಒಳಗ ಹೋಗೀರೇನ್ರಿ?”

2004ರ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ರಾಣೇಬೆನ್ನೂರಿನ ಶಂಭುಲಿಂಗ ಮಾಸ್ತರರ ಬಾಗಿಲಲ್ಲಿ ನಿಂತು ಹೀಗೆ ಕೇಳಿದವಳು ಚಮನಬಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಕೈಯಿಂದ ಖರ್ಚು ಹಾಕಿ ತನ್ನ ಮೊದಲ ಪತ್ತೇದಾರಿ ಕಾದಂಬರಿ ಅಚ್ಚು ಹಾಕಿಸಿದವಳು. ಅವಳ ಕೈಯಲ್ಲಿ ಹಾವೇರಿಯ ವಾರಪತ್ರಿಕೆ ಇತ್ತು. ಅದರಲ್ಲಿ ಮಾಸ್ತರರು ಬರೆದಿದ್ದರು: ‘ಕೊಲೆಗಾರ ಮೆಣಸಿನಕಾಯಿ ಗೋದಾಮಿನಲ್ಲಿ ಎರಡು ತಾಸು ಅಡಗಿ ಕೂತನಂತೆ, ಹೊರಗಿದ್ದ ಪೊಲೀಸರಿಗೆ ಒಂದು ಸೀನೂ ಕೇಳಲಿಲ್ಲವಂತೆ! ಲೇಖಕಿ ಮೆಣಸಿನಕಾಯಿಯನ್ನು ಸಾರಿನಲ್ಲಿ ಮಾತ್ರ ಕಂಡಿರಬೇಕು.’

ಪತ್ತೇದಾರಿ, ಮಾಯಾಲೋಕ, ಅಂತರಿಕ್ಷ ಎಂದರೆ ಮಾಸ್ತರರಿಗೆ ಜೀವ. ದೊಡ್ಡ ಪತ್ರಿಕೆಗಳು ಕಣ್ಣೆತ್ತಿಯೂ ನೋಡದ, ಬರೆದವರೇ ಅಚ್ಚು ಹಾಕಿಸಿದ ಇಂಥ ಕಾದಂಬರಿಗಳಿಗೆ ಆರು ವರ್ಷಗಳಿಂದ ವಿಮರ್ಶೆ ಬರೆಯುತ್ತಿದ್ದರು. ಅವರದೊಂದು ನೇಮವಿತ್ತು. ಕೊನೆಯ ಅಧ್ಯಾಯಕ್ಕೆ ಗುಂಡುಸೂಜಿ ಚುಚ್ಚಿಟ್ಟು, ಅದನ್ನು ಓದದೆಯೇ ವಿಮರ್ಶೆ ಬರೆಯುವುದು. ಗುಟ್ಟು ಗೊತ್ತಿದ್ದರೆ ಎಲ್ಲಿ ಪೆನ್ನು ಜಾರೀತೋ ಎಂಬ ಭಯ. ಬರೆದು ಅಂಚೆಗೆ ಹಾಕಿದ ಮೇಲೆ ಚಹಾ ಕುಡಿಯುತ್ತ ಸೂಜಿ ತೆಗೆಯುವುದೇ ಅವರ ವಾರದ ಹಬ್ಬ. ಆದರೆ ಚಮನಬಿಯ ಪುಸ್ತಕದ ಸೂಜಿಯನ್ನು ಅವರು ತೆಗೆದಿರಲೇ ಇಲ್ಲ. ಸೀನದ ಕೊಲೆಗಾರನ ಕಥೆಯ ಕೊನೆ ಯಾರಿಗೆ ಬೇಕೆಂದು ಕಪಾಟಿಗೆ ತುರುಕಿದ್ದರು.

“ನೀವು ಬರದದ್ದು ಓದಿ ಅಂಗಡಿಯವ್ರು ಪುಸ್ತಕ ಎಲ್ಲಾ ವಾಪಸ್ ಕಳಸ್ಯಾರ್ರಿ,” ಎಂದಳು ಚಮನಬಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನೊಂದು ಬರದಿಟ್ಟೇನಿ. ಇದು ಹಿಂಗ ಬಿದ್ರ ಅದು ಪೆಟಗ್ಯಾಗ ಉಳೀತೈತಿ. ಪುಸ್ತಕ ತಗೊಂಡು ನನ್ನ ಜೋಡಿ ಬರ್ರಿ. ಬ್ಯಾಡಗಿ ಏನ್ ದೂರ ಐತಿ?”

ಮಾಸ್ತರರು ಹೋದರು. ಗೋದಾಮಿನ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಶುರುವಾಯಿತು. ಒಂದು, ಎರಡು, ಏಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕನ್ನಡಕ ಕೈಯಲ್ಲಿ.

“ನೋಡ್ರಿ ಅಕ್ಕಾರ, ನಾ ಬರದದ್ದು ಖರೇನ...” ಎನ್ನುವಷ್ಟರಲ್ಲಿ ಎಂಟನೆಯದು ಬಂತು.

“ನಿಮ್ಮದು ಬಿಡ್ರಿ. ಅವ್ರನ್ನ ನೋಡ್ರಿ.”

ಮಾಸ್ತರರು ಕಣ್ಣೊರೆಸಿಕೊಂಡು ನೋಡಿದರು. ಕೆಂಪು ರಾಶಿಯ ಸುತ್ತ ಇಪ್ಪತ್ತು ಹೆಂಗಸರು ತೊಟ್ಟು ಬಿಡಿಸುತ್ತ, ಯಾರದೋ ಮದುವೆಯ ಮಾತಾಡುತ್ತ ಕೂತಿದ್ದರು. ಒಬ್ಬರೂ ಸೀನುತ್ತಿರಲಿಲ್ಲ. “ಪಾಪ, ಅವರಿಗೆ ನೀರು ಕೊಡ್ರೇ,” ಎಂದಳು ಮುದುಕಿ ಗದಿಗೆವ್ವ. ಚೀಲಗಳ ನಡುವೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಆರು ತಿಂಗಳ ಕೂಸೊಂದು ಬಾಯಿ ತೆರೆದು ಗಾಢ ನಿದ್ದೆಯಲ್ಲಿತ್ತು.

“ನಾನೂ ಇಂಥಾ ಜೋಳಿಗ್ಯಾಗ ಬೆಳದಾಕೀರಿ,” ಎಂದಳು ಚಮನಬಿ. “ಈ ಘಾಟು ನಮಗ ಗೊತ್ತ ಆಗೂದಿಲ್ಲ.”

ಮರಳುವ ಬಸ್ಸಿನಲ್ಲಿ ಮಾಸ್ತರರು ಸೂಜಿ ತೆಗೆದರು. ಕದರಮಂಡಲಗಿ ದಾಟುವುದರೊಳಗೆ ಕೊನೆಯ ಅಧ್ಯಾಯ ಮುಗಿದಿತ್ತು. ‘ನಾನು ಪರಸ್ಥಳದವನು, ಈ ಸೀಮೆಗೇ ಹೊಸಬ’ ಎಂದು ಕಾದಂಬರಿಯುದ್ದಕ್ಕೂ ಹೇಳಿಕೊಂಡು ಬಂದವನೊಬ್ಬ ಸಿಕ್ಕಿಬಿದ್ದದ್ದೇ ಆ ಬಾರದ ಸೀನಿನಿಂದ. ಮೆಣಸಿನಕಾಯಿಯ ನಡುವೆ ಹುಟ್ಟಿ ಬೆಳೆದವನಲ್ಲದೆ ಬೇರೆ ಯಾರು ಅಲ್ಲಿ ಎರಡು ತಾಸು ಸುಮ್ಮನೆ ಕೂತಾರು? ತಾವು ತಪ್ಪೆಂದು ಹಿಡಿದದ್ದೇ ಪುಸ್ತಕದ ಜೀವಾಳ! ಮಾಸ್ತರರಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಖುಷಿಯಾಯಿತು. ಆರು ವರ್ಷಗಳಲ್ಲಿ ಯಾರೂ ಅವರನ್ನು ಹೀಗೆ ಬೇಸ್ತು ಬೀಳಿಸಿರಲಿಲ್ಲ.

ಮನೆಗೆ ಬಂದವರೇ ತಪ್ಪೊಪ್ಪಿಗೆ ಬರೆಯಲು ಕೂತರು. ಆಗ ಶುರುವಾಯಿತು ಪೇಚು. ತಪ್ಪು ಏನೆಂದು ಬಿಡಿಸಿ ಹೇಳಿದರೆ ಪುಸ್ತಕದ ಗುಟ್ಟು ಬೀದಿಗೆ ಬರುತ್ತದೆ. ಹೇಳದಿದ್ದರೆ ಪುಸ್ತಕ ಚಮನಬಿಯ ಮನೆಯಲ್ಲೇ ಉಳಿಯುತ್ತದೆ. ಮೂರು ಹಾಳೆ ಹರಿದು ಎಸೆದರು.

ಮುಂದಿನ ವಾರ ಪತ್ರಿಕೆಯಲ್ಲಿ ಅವರ ವಿಮರ್ಶೆಯ ಜಾಗದಲ್ಲಿ, ಚಮನಬಿಯ ಕಾದಂಬರಿಯ ಹೆಸರಿನ ಕೆಳಗೆ ಇಷ್ಟೇ ಇತ್ತು: ‘ಈ ಪುಸ್ತಕದಲ್ಲಿ ನಾನು ಹಿಡಿದ ತಪ್ಪು ನನ್ನದೇ. ಬ್ಯಾಡಗಿಗೆ ಹೋಗಿ ಎಂಟು ಸಲ ಸೀನಿ ಬಂದಿದ್ದೇನೆ. ಇನ್ನೊಂದು ಮಾತು ಆಡಿದರೂ ಕೊಲೆಗಾರ ಸಿಕ್ಕಿಬೀಳುತ್ತಾನೆ.’