ತುಳಸಿನೀರು ಹಿಡಿದು ಸಾಲಿನಲ್ಲಿ

ಹಸಿ ರಬ್ಬರ್ ಶೀಟುಗಳು ಹೊಗೆಗೂಡಿನಲ್ಲಿ ಒಣಗುವಾಗ ಒಂದು ವಾಸನೆ ಬರುತ್ತದೆ, ಹುಳಿ ಬಂದ ಹಾಲಿಗೆ ಹೊಗೆ ಹಿಡಿದ ಹಾಗೆ. ಕೇರಳದಿಂದ ಬಂದು ಇಚಿಲಂಪಾಡಿಯಲ್ಲಿ ರಬ್ಬರ್ ಹಾಕಿದ ಉತುಪ್ ಚೇಟರ ಅಂಗಿಗೆ ಸದಾ ಅದೇ ವಾಸನೆ. ಚಿಕ್ಕಂದಿನಲ್ಲಿ ಪ್ರೇಮನಾಥ ಅವರ ಹೆಗಲ ಮೇಲೆ ಕೂತು ತೋಡು ದಾಟುವಾಗ ಮೂಗು ಮುಚ್ಚಿಕೊಂಡು ನಗುತ್ತಿದ್ದ. ಈಗ, ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ, ಅವನು ಅವರದೇ ಅಂಗಳದಲ್ಲಿ ನಿಂತಿದ್ದ. ಉತುಪ್ ಚೇಟರು ಪೆಟ್ಟಿಗೆಯಲ್ಲಿ ಮಲಗಿದ್ದರು. ತೊಡಿಸಿದ ಬಿಳಿ ಜುಬ್ಬದಿಂದ ಬರೀ ಸಾಬೂನಿನ ವಾಸನೆ ಬರುತ್ತಿತ್ತು.

ಪ್ರೇಮನಾಥ ದುಃಖಕ್ಕೆಂದೇ ಬಂದವನು, ಆದರೆ ಅವನೊಳಗೆ ಒಂದು ಕುತೂಹಲವೂ ಇತ್ತು. ಹಿಂದಿನ ವರ್ಷ ಅವನ ಸ್ವಂತ ಅಪ್ಪ ತೀರಿಕೊಂಡಾಗ ಸೋದರಮಾವ ತ್ಯಾಂಪಣ್ಣ ಅವನ ಭುಜವನ್ನು ಬಿಗಿಯಾಗಿ ಹಿಡಿದು, "ಗಂಡಸು ನೀನು. ನೀನೇ ಅತ್ರೆ ಹೆಂಗಸರನ್ನು ಯಾರು ಹಿಡಿಯುದು?" ಎಂದಿದ್ದರು. ಅವನು ಅಳಲಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬನೇ ಗುಡ್ಡೆಗೆ ಹೋಗಿ ಕೂತು ನೋಡಿದ, ಆಗಲೂ ಒಂದು ಹನಿ ಬರಲಿಲ್ಲ. ಅಪ್ಪನ ಮೇಲೆ ತನಗೆ ಪ್ರೀತಿಯೇ ಇರಲಿಲ್ಲವೋ ಏನೋ ಎಂಬ ಹೆದರಿಕೆ ಅಂದಿನಿಂದ ಅವನನ್ನು ಬಿಟ್ಟಿಲ್ಲ. ಇಂಥದ್ದನ್ನು ಯಾರಲ್ಲಿ ಕೇಳುವುದು? ಇಂದು ಅಪ್ಪನನ್ನು ಕಳೆದುಕೊಂಡ ಜೋಳಿ ಅವನದೇ ಪ್ರಾಯದವನು, ಜೊತೆಗೆ ಶಾಲೆಗೆ ಹೋದವನು. ಜೋಳಿ ಏನು ಮಾಡುತ್ತಾನೆ ಎಂದು ಅವನು ಬೆಳಗಿನಿಂದ ನೋಡುತ್ತಲೇ ಇದ್ದ.

ಪಾದ್ರಿಯವರ ಪ್ರಾರ್ಥನೆ ಮುಗಿಯಿತು. ಮನೆಯವರು ಪೆಟ್ಟಿಗೆಯ ಬಳಿ ಒಬ್ಬರ ಹಿಂದೆ ಒಬ್ಬರು ನಿಂತರು. ಇದು ಬಾಯಿಗೆ ನೀರು ಬಿಡುವ ಹೊತ್ತು ಎಂದುಕೊಂಡ ಪ್ರೇಮನಾಥ. ತನ್ನವರ ಕಡೆ ಹೆಣ ಎತ್ತುವ ಮೊದಲು ಹತ್ತಿರದವರೆಲ್ಲ ತುಳಸಿ ಎಲೆಯಿಂದ ಬಾಯಿಗೆ ನೀರು ಬಿಡುವುದು ಕ್ರಮ. ಇಲ್ಲಿ ತುಳಸಿ ಇರಲಿಕ್ಕಿಲ್ಲ ಎಂದು ಮನೆಯಿಂದಲೇ ಒಂದು ಕುಡಿ ಕೊಯ್ದು ಕಿಸೆಯಲ್ಲಿ ತಂದಿದ್ದ. ಬಾವಿಕಟ್ಟೆಯಿಂದ ಲೋಟದಲ್ಲಿ ನೀರು ಹಿಡಿದುಕೊಂಡು ಬಂದು ಜೋಳಿಯ ಹಿಂದೆ ನಿಂತ.

ಜೋಳಿ ತಿರುಗಿ ನೋಡಿದ. "ನೀರೆಂತಕ್ಕೆ ಪ್ರೇಮ?"

"ಬಾಯಿಗೆ ಬಿಡ್ಲಿಕ್ಕೆ."

"ನಮ್ಮಲ್ಲಿ ನೀರಿಲ್ಲ ಮಾರಾಯ. ಮುತ್ತು ಕೊಡುದು. ಹಣೆಗೆ."

"ಗಂಡಸರೂ?"

"ಗಂಡಸರಿಗೆ ಅಪ್ಪ ಇಲ್ವಾ?"

ಅಷ್ಟರಲ್ಲಿ ಹಿಂದಿನಿಂದ ಯಾರೋ ಅಂಗಿ ಎಳೆದರು. ತ್ಯಾಂಪಣ್ಣ ಮಾವ. "ಈಚೆ ಬಾ. ಅವರ ಕ್ರಮ ಅವರಿಗೆ. ಅಲ್ಲಿ ಹೋಗಿ ನೀನೂ ಮೂಗು ಸುರಿಸಿದ್ರೆ ನಾಳೆ ನಿನಗೊಂದು ಸೀರೆ ತೆಗಿಬೇಕಾದೀತು." ಪಕ್ಕದಲ್ಲಿದ್ದ ಒಬ್ಬಿಬ್ಬರು ನಗು ನುಂಗಿಕೊಂಡರು. ಪ್ರೇಮನಾಥನ ಕಿವಿ ಬಿಸಿಯಾಯಿತು. ಆದರೂ ಕಾಲು ಕದಲಲಿಲ್ಲ.

ಜೋಳಿಯ ಸರದಿ ಬಂತು. ಅವನು ಬಗ್ಗಿ ಮುತ್ತು ಕೊಟ್ಟ. ಕೆನ್ನೆಗೆ ಕೆನ್ನೆ ಇಟ್ಟು, "ಅಪ್ಪಚ್ಚಾ" ಎಂದು ಅಂಗಳಕ್ಕೆಲ್ಲ ಕೇಳುವಂತೆ ಅತ್ತ. ಯಾರೂ ಸಾಕು ಎನ್ನಲಿಲ್ಲ. ದಪ್ಪ ಮೀಸೆಯ ಹಿರಿಯರೊಬ್ಬರು ತಮ್ಮ ಮುಂಡಿನ ತುದಿಯಿಂದ ಅವನ ಮುಖ ಒರೆಸಿದರು. ಜೋಳಿ ಮೂಗು ಒರೆಸಿಕೊಂಡು ಎದ್ದು ನಿಂತು, "ಜೀಪು ಮೇಲಿನ ತನಕ ಬಂತಾ ನೋಡಿ" ಎಂದು ಯಾರಿಗೋ ಹೇಳಿದ. ಸ್ವರ ಒಡೆದಿತ್ತು, ಅಷ್ಟೆ. ಇಷ್ಟು ಅತ್ತವನು ಕುಸಿದು ಬೀಳದೆ ಮುಂದಿನ ಕೆಲಸ ನೋಡುವುದನ್ನು ಪ್ರೇಮನಾಥ ಕಣ್ಣರಳಿಸಿ ನೋಡಿದ.

ಈಗ ಪೆಟ್ಟಿಗೆಯ ಮುಂದೆ ಅವನೇ. ಕೈಯಲ್ಲಿ ಲೋಟ, ಒದ್ದೆ ತುಳಸಿ. ಎಲ್ಲರೂ ನೋಡುತ್ತಿದ್ದರು. ಹಿಂದೆ ಹೋಗುವುದೇ ವಾಸಿ ಎಂದುಕೊಳ್ಳುವಾಗ ತಲೆಯ ಬದಿಯಲ್ಲಿ ಕೂತಿದ್ದ ಕುಂಜಮ್ಮ, ಉತುಪ್ ಚೇಟರ ಹೆಂಡತಿ, ಅವನ ಕೈ ನೋಡಿದರು.

"ನೀರು ಬಿಡು ಮೋನೆ," ಎಂದರು ಮೆಲ್ಲಗೆ, ಮಗನನ್ನು ಕರೆಯುವ ಹಾಗೆ. "ಅವರಿಗೆ ಯಾವಾಗ್ಲೂ ಬಾಯಾರಿಕೆ ಜಾಸ್ತಿ."

ಪಾದ್ರಿಯವರು ಪುಸ್ತಕದಲ್ಲಿ ಏನೋ ಹುಡುಕತೊಡಗಿದರು. ಪ್ರೇಮನಾಥ ಎಲೆಯಿಂದ ನೀರು ಬಿಟ್ಟ. ಅದು ತುಟಿಯ ಅಂಚಿನಿಂದ ಗಲ್ಲಕ್ಕೆ ಇಳಿಯಿತು. ಅಂಗೈಯಲ್ಲಿ ಒರೆಸಿದ. ಒರೆಸಿದ ಕೈಯನ್ನು ತೆಗೆಯಲಾಗಲಿಲ್ಲ. ಬಗ್ಗಿ ಹಣೆಗೆ ಮುತ್ತು ಕೊಟ್ಟ. "ಅಪ್ಪಾ" ಎಂಬ ಕೂಗು ಕೇಳಿತು. ಕೂಗಿದ್ದು ತಾನೇ ಎಂದು ತಿಳಿಯುವಷ್ಟರಲ್ಲಿ ಜೋಳಿ ಬಂದು ಅವನನ್ನು ತಬ್ಬಿ ಹಿಡಿದಿದ್ದ. ಒಂದು ವರ್ಷದ ಅಳು ಜೋಳಿಯ ಹೆಗಲ ಮೇಲೆ ಇಳಿಯಿತು.

ಇಗರ್ಜಿಯ ಗುಡ್ಡೆಯಲ್ಲಿ ಮಣ್ಣು ಹಾಕಿ ಎಲ್ಲರೂ ಮನೆಗೆ ಮರಳಿದಾಗ ಅಂಗಳದ ಮೂಲೆಯಲ್ಲಿ ಗಂಜಿ, ಹೆಸರುಕಾಳಿನ ಪಲ್ಯ ಬಡಿಸುತ್ತಿದ್ದರು. ತ್ಯಾಂಪಣ್ಣ ದಾರಿಯುದ್ದಕ್ಕೂ ಅವನನ್ನು ಬಿಟ್ಟು ಮುಂದೆ ಮುಂದೆ ನಡೆದಿದ್ದರು. ಸಾವಿನ ಮನೆಯಲ್ಲಿ ನೀರೂ ಮುಟ್ಟದವರು ಅವರು. ಮನೆಗೆ ಹೋಗಿ ಮಿಂದ ಮೇಲೆಯೇ ಊಟ. ಈಗ ಹೊರಡು ಎನ್ನುತ್ತಾರೆ, ದಾರಿಯಲ್ಲಿ ಬೈಯುತ್ತಾರೆ ಎಂದು ಪ್ರೇಮನಾಥ ಕಾದ. ಮಾವ ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತರು.

"ಹಣೆ," ಎಂದರು, ಬೇರೆಲ್ಲೋ ನೋಡುತ್ತ. "ತುಂಬ ತಣ್ಣಗೆ ಇರ್ತದಾ?"

"ಹೌದು ಮಾವ."

"ನಿನ್ನ ಅಪ್ಪನನ್ನು ನಾನು ಮುಟ್ಟಿದ್ದು ಎತ್ತುವಾಗ ಮಾತ್ರ."

ಎದ್ದು ಹೋದರು. ಬಡಿಸುವವರ ಮುಂದೆ ನಿಂತು, ಎರಡು ಬಟ್ಟಲು ಗಂಜಿ ಹಿಡಿದುಕೊಂಡು, ಚೆಲ್ಲದ ಹಾಗೆ ಸಣ್ಣ ಹೆಜ್ಜೆ ಇಡುತ್ತ ಅಂಗಳ ದಾಟಿ ಬಂದರು. ಒಂದನ್ನು ಸೋದರಳಿಯನ ಕೈಗೆ ಕೊಟ್ಟರು.