ಮೀನುಗಾರರ ಸಭಾಂಗಣದ ಇಪ್ಪತ್ತೊಂದು ದಿನ

ಗ್ಲೆನಿಸ್ ಹ್ಯಾಕ್ಸ್‌ಬಿ ಆ ಅರ್ಜಿಯನ್ನು ಎರಡೇ ಬೆರಳಲ್ಲಿ ಹಿಡಿದು ಮೇಜಿನ ಮೇಲೆ ಹಾಕಿದಳು. ಥಾರ್ನ್‌ಸೀ ಪಟ್ಟಣಸಭೆಯ ಪರವಾನಗಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತವಳು. ಇಂಥ ವಾಕರಿಕೆ ಯಾವತ್ತೂ ಬಂದಿರಲಿಲ್ಲ.

ಎದುರಿಗಿದ್ದವನು ಡೆನ್ಜಿಲ್ ಪಾಸ್ಕ್. ಕಡಲತೀರದ ಹೋಟೆಲುಗಳಲ್ಲಿ ಇಸ್ಪೀಟು ಪಂದ್ಯ ನಡೆಸಿಯೇ ಕೊಬ್ಬಿದ ಆಸಾಮಿ. ಅವಳ ತಮ್ಮ ಆಲಿಕ್ ಮನೆ, ದೋಣಿ, ಹೆಂಡತಿ ಮೂರನ್ನೂ ಕಳೆದುಕೊಂಡದ್ದು ಇವನ ಮೇಜಿನಲ್ಲೇ. ಈಗ ಆಲಿಕ್ ಮೀನುಗಾರರ ಸಭಾಂಗಣದ ಕಾವಲುಗಾರ. ಅದರ ಹಿಂದಿನ ಕೋಣೆಯಲ್ಲೇ ವಾಸ. ಇಸ್ಪೀಟೆಲೆ ಮುಟ್ಟದೆ ಹದಿನಾಲ್ಕು ತಿಂಗಳಾಗಿತ್ತು. ಇನ್ನೊಮ್ಮೆ ಬಿದ್ದರೆ ಅವನು ಏಳುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು.

ಪಾಸ್ಕ್ ಪಂದ್ಯಕ್ಕೆ ಕೇಳಿದ್ದು ಅದೇ ಸಭಾಂಗಣವನ್ನು.

“ಊರಲ್ಲಿ ಬೇರೆ ಜಾಗ ಸಿಗ್ಲಿಲ್ವೇನ್ರೀ?”

“ಬೇಕಾದಷ್ಟಿದೆ ಮೇಡಂ. ನಂಗೆ ಇದೇ ಆಗ್ಬೇಕು.”

“ಇಪ್ಪತ್ತೊಂದು ದಿನಾನೂ?”

“ಒಂದು ದಿನ ಕಮ್ಮಿಯಾದ್ರೂ ಪ್ರಯೋಜನ ಇಲ್ಲ.”

ಜೂಜಿನ ಪರವಾನಗಿಯಿಲ್ಲದ ಒಂದು ಜಾಗದಲ್ಲಿ, ಲೈಸೆನ್ಸಿರುವ ಯಾರೇ ನಡೆಸಲಿ, ಎಲ್ಲರದೂ ಸೇರಿ ವರ್ಷಕ್ಕೆ ಹೆಚ್ಚೆಂದರೆ ಇಪ್ಪತ್ತೊಂದು ದಿನ ಪಂದ್ಯ ನಡೆಸಬಹುದು. ಮೂರು ತಿಂಗಳ ಮೊದಲೇ ತಿಳಿಸಿದರಾಯಿತು. ಕಾನೂನು ಬಡಿಸಿದ್ದನ್ನು ತಟ್ಟೆ ನೆಕ್ಕಿ ಮುಗಿಸಲು ಬಂದಿದ್ದಾನೆ, ಹೊಟ್ಟೆಬಾಕ, ಎಂದುಕೊಂಡಳು. ಅವನು ಚಹಾ ಕುಡಿದ ಲೋಟವನ್ನು ತೊಳೆಯಲೂ ಅಸಹ್ಯವಾಗಿ ಕಸದ ಬುಟ್ಟಿಗೆ ಎಸೆದಳು.

ಸುಮ್ಮನೆ ಕೂರುವ ಜಾತಿಯವಳಲ್ಲ ಗ್ಲೆನಿಸ್. ಪೊಲೀಸರ ಬೆನ್ನು ಹತ್ತಿ ಆಕ್ಷೇಪಣೆ ಬರೆಸಿದಳು. ಪಟ್ಟಣಸಭೆಯ ಮೂವರು ಸದಸ್ಯರ ಮುಂದೆ ವಿಚಾರಣೆ ನಡೆಯಿತು. ಆ ಸಭಾಂಗಣದಲ್ಲಿ ಪ್ರತಿ ಶನಿವಾರ ಜೂಜು ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗಿ ಸೇರುತ್ತಾರೆ, ಅವರ ನೆತ್ತಿಯ ಮೇಲೆಯೇ ಪಂದ್ಯವೇ ಎಂದು ಅವಳು ಕೇಳಿದಳು.

“ಎಷ್ಟು ಜನ ಆಟಗಾರರು ಬರ್ತಾರೆ?” ಅಧ್ಯಕ್ಷರು ಕೇಳಿದರು.

“ಬಂದಷ್ಟು,” ಎಂದ ಪಾಸ್ಕ್. ಬೆವರುತ್ತಿದ್ದ. “ಹೊತ್ತು ಕಡಿಮೆ ಮಾಡಿ ಸ್ವಾಮಿ. ಒಂದೇ ಮೇಜು ಅಂತ ಬೇಕಾದ್ರೂ ಬರೀರಿ. ದಿನಕ್ಕೆ ಮಾತ್ರ ಕತ್ತರಿ ಹಾಕ್ಬೇಡಿ, ದಮ್ಮಯ್ಯ.”

ಆ ಗೋಗರೆತ ಕೇಳಿ ಗ್ಲೆನಿಸ್‌ಗೆ ಮೈಯೆಲ್ಲ ಹೇಸಿತು. ಪೂರ್ತಿ ತಡೆಯಲು ಕಾರಣ ಸಾಲದು, ಎಷ್ಟು ದಿನ ಕಡಿಯೋಣ ಎಂದು ಅಧ್ಯಕ್ಷರು ಅವಳತ್ತ ತಿರುಗಿದರು.

“ಒಂದು ವಾರ,” ಎಂದಳು.

ಹದಿನಾಲ್ಕು ದಿನ ಮಂಜೂರಾಯಿತು. ಪಾಸ್ಕ್‌ನ ಮುಖ ಸುಣ್ಣದಂತೆ ಬಿಳಿಚಿತು. ಅವಳಿಗೆ ಅಂದು ಕರಿದ ಮೀನು ಬಹಳ ದಿನಗಳ ಮೇಲೆ ರುಚಿಸಿತು.

ಪಂದ್ಯದ ಮೊದಲ ಶನಿವಾರ ಮಧ್ಯಾಹ್ನ ಅವಳು ತಪಾಸಣೆಗೆ ಹೋದಳು. ಒಂದಾದರೂ ತಪ್ಪು ಸಿಕ್ಕರೆ ಅಂದೇ ಬಾಗಿಲು ಹಾಕಿಸುವ ಹಟ. ನೋಟಿಸು ನಿಯಮದಂತೆ ಬಾಗಿಲಲ್ಲೇ ಅಂಟಿತ್ತು. ಒಳಗೆ ಒಂದೂ ಇಸ್ಪೀಟೆಲೆ ಇರಲಿಲ್ಲ. ಹತ್ತು ಜನ ದುಂಡಗೆ ಕೂತು ಚಹಾ ಕುಡಿಯುತ್ತಿದ್ದರು. ಕೇಕು ಕೊಯ್ಯುತ್ತಿದ್ದವನು ಆಲಿಕ್. ಅವನ ಪಕ್ಕದಲ್ಲೇ ಪಾಸ್ಕ್.

“ಆಟ ಎಲ್ರೀ?”

“ಆಟ ಇಲ್ಲ ಮೇಡಂ.”

“ಅಕ್ಕಾ, ಡೆನ್ಜಿಲ್ ಎಲ್ಲ ಬಿಟ್ಟು ವರ್ಷವಾಯ್ತು,” ಎಂದ ಆಲಿಕ್. “ನಮ್ಮ ಜೊತೇನೇ ಕೂರ್ತಾನೆ. ಅವನ ಹೆಸರೆತ್ತಿದ್ರೆ ನೀನು ಉಗೀತಿದ್ದೆ, ಅದಕ್ಕೇ ಹೇಳ್ಲಿಲ್ಲ.”

“ಮತ್ತೆ ಈ ಅರ್ಜಿ?”

ಪಾಸ್ಕ್ ನೆಲ ನೋಡಿಕೊಂಡೇ ಹೇಳಿದ. “ಪಂದ್ಯ ನಡೆಸೋಕೆ ಲಂಡನ್ನಿನ ದೊಡ್ಡ ಜೂಜಿನ ಕಂಪನಿಯೊಂದು ಈ ಸಭಾಂಗಣದ ಮೇಲೆ ಕಣ್ಣು ಹಾಕಿದೆ. ಇದನ್ನ ನಡೆಸೋ ಟ್ರಸ್ಟಿನವರು ಹೂಂ ಅಂದುಬಿಟ್ಟಿದ್ದಾರೆ. ನನ್ನ ಹಳೇ ಲೈಸೆನ್ಸು ಇನ್ನೂ ಇತ್ತಲ್ಲ, ವರ್ಷದ ದಿನಗಳನ್ನೆಲ್ಲ ನಾನೇ ಹಿಡಿದಿಟ್ಟು ಖಾಲಿ ಬಿಟ್ರೆ ಅವ್ರಿಗೆ ಒಂದು ದಿನಾನೂ ಉಳಿಯಲ್ಲ ಅಂದ್ಕೊಂಡೆ. ಆಟ ನಡೆಸಲ್ಲ ಅಂತ ವಿಚಾರಣೇಲಿ ಬಾಯಿಬಿಟ್ಟಿದ್ರೆ ಅರ್ಜೀನೇ ವಜಾ ಆಗ್ತಿತ್ತು.”

ಆಲಿಕ್ ಕೊಟ್ಟ ಕೇಕನ್ನು ಗ್ಲೆನಿಸ್ ತಿನ್ನದೆ ತಟ್ಟೆಯಲ್ಲೇ ಬಿಟ್ಟಳು. ತನ್ನ ಮೇಲೆಯೇ ಹೇಸಿಗೆಯಾಗಿ ಹೊರಗೆ ಬಂದಳು.

ಸೋಮವಾರ ಬೆಳಿಗ್ಗೆ ಅವಳ ಮೇಜಿನ ಮೇಲೆ ಲಂಡನ್ನಿನಿಂದ ಬಂದ ಅರ್ಜಿಯಿತ್ತು: ಮೀನುಗಾರರ ಸಭಾಂಗಣ, ಏಳು ದಿನ.