ಉದುರಿದ ತೀರ್ಪು

ತಡರಾತ್ರಿ, ಕಾನೂನು ಗ್ರಂಥಾಲಯದಲ್ಲಿ ರಾಗಿ ಚೆಲ್ಲಿದಂಥ ಸಣ್ಣ ಸದ್ದು ಕೇಳಿಸಿತು. ಪರಮೋಚ್ಚ ನ್ಯಾಯಾಲಯದ ವರದಿ ಸಂಪುಟಗಳಲ್ಲಿ ತಪ್ಪಾಗಿರುವ ತೀರ್ಪಿನ ಅಕ್ಷರಗಳು ಒಂದಲ್ಲ ಒಂದು ರಾತ್ರಿ ಹೀಗೇ ಉದುರುತ್ತವೆ. ಅವನ್ನು ಗುಡಿಸಿ, ಬೆಳಿಗ್ಗೆ ಕಚೇರಿಗೆ ತಿಳಿಸುವುದು ನನ್ನ ಕೆಲಸ. ತಿಳಿಸಿದ ಕೂಡಲೇ ಆ ತೀರ್ಪು ರದ್ದಾಗುತ್ತದೆ.

ಈ ಸಲ ಬರಿದಾಗಿದ್ದದ್ದು ಮಂದಾರಳನ್ನು ನನಗೆ ಸಾಕುಮಗಳಾಗಿ ಕೊಟ್ಟ ತೀರ್ಪು. ಮಗು ಹೆತ್ತವಳಿಗೇ ಸೇರಬೇಕೆಂದಿದ್ದ ಒಬ್ಬ ನ್ಯಾಯಮೂರ್ತಿಯ ಭಿನ್ನಮತ ಮಾತ್ರ ಪುಟದಲ್ಲಿ ಉಳಿದಿತ್ತು.

“ಏನ್ ಬಿತ್ತು ಮೇಡಂ?” ಬಾಗಿಲಲ್ಲಿದ್ದ ಕಾವಲುಗಾರ ಬೋರಯ್ಯ ಕೇಳಿದ.

“ಹಲ್ಲಿ, ಬೋರಯ್ಯ.”

“ಅದಕ್ಕೂ ಲಾ ಓದೋ ಚಟ ಹತ್ತೈತಾ!”

ಅವನ ಜೊತೆ ನಾನೂ ನಕ್ಕೆ. ಅವನು ಅತ್ತ ಹೋದ ಮೇಲೆ ಅಕ್ಷರಗಳನ್ನು ಗುಡಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಬೆಳಿಗ್ಗೆ ಮಂದಾರಳಿಗೆ ಜಡೆ ಹೆಣೆಯಬೇಕು. ಇದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದೆ, ಪ್ರತಿ ಭಾನುವಾರ ನಮ್ಮ ಗೇಟಿನಾಚೆ ಬಂದು ಸುಮ್ಮನೆ ನಿಲ್ಲುವ ಆ ಹೆಂಗಸಿಗಂತೂ.